ತೋಟದ ಗಾಡಿಯವರು

ಸೈಕಲ್ ಶಾಪಿನವರಿಗೆ ಮಾತೆಂದರೆ ಅಷ್ಟಕ್ಕಷ್ಟೆ. ಪಂಕ್ಚರ್ ಹಾಕಿಸಲು ಬಂದವರು ಬೀದಿಯ ಕತೆಯನ್ನೆಲ್ಲ ಹೇಳಿ ಮುಗಿಸಿದರೂ ಅವರ ಬಾಯಿಂದ ಹೊರಡುತ್ತಿದ್ದದ್ದು ಒಂದು "ಹ್ಞೂಂ", ಅದೂ ತಲೆ ಎತ್ತದೆ. ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲಿನ ಅಡಿಯಲ್ಲಿ, ನೆಟ್ಟಗೆ ನಿಂತರೆ ತಲೆ ತಾಗುವಂಥ ಜಾಗದಲ್ಲಿ ಅವರ ಶಾಪು. ಮೂವತ್ತೆಂಟು ವರ್ಷ ಅಲ್ಲೇ ಕೂತು ಟ್ಯೂಬಿಗೆ ಪ್ಯಾಚು ಅಂಟಿಸಿ, ಚಕ್ರದ ಕಡ್ಡಿ ಬಿಗಿದು, ಬೆನ್ನು ಮೆಟ್ಟಿಲಿನ ಓರೆಗೆ ತಕ್ಕ ಹಾಗೆ ಬಾಗಿಹೋಗಿತ್ತು. ಬಯಲಿಗೆ ಬಂದು ನಿಂತರೂ ತಲೆಯ ಮೇಲೆ ಏನೋ ಇದೆ ಎನ್ನುವವರ ಹಾಗೆ ಕುಗ್ಗಿಯೇ ನಡೆಯುತ್ತಿದ್ದರು.

ಹೆಂಡತಿ ಎರಡನೇ ಕ್ಲಾಸಿನ ಟೀಚರು. ಬೀದಿಗೆಲ್ಲ ಟೀಚರಮ್ಮ. ಬೆಳಗಿನಿಂದ ಸಂಜೆಯವರೆಗೆ ನಲವತ್ತು ಮಕ್ಕಳ ಜೊತೆ ಕೂಗಾಡಿ ಮನೆಗೆ ಬರುವ ಹೊತ್ತಿಗೆ ಆಕೆಯ ಗಂಟಲು ಕಟ್ಟಿರುತ್ತಿತ್ತು. "ಒಬ್ಬರಿಗೆ ಮಾತು ಬೇಡ, ಇನ್ನೊಬ್ಬರ ಹತ್ರ ಮಾತು ಉಳಿದಿಲ್ಲ. ಜೋಡಿ ಅಂದ್ರೆ ಇದಪ್ಪ" ಎಂದು ಎದುರುಮನೆಯವರು ತಮಾಷೆ ಮಾಡುತ್ತಿದ್ದರು. ಸೈಕಲ್ ಶಾಪಿನವರಿಗೆ ಅದು ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು. ಮದುವೆಯಾಗಿ ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಜಗಳವಾಡಿಲ್ಲ ಎನ್ನುವುದು ಅವರಿಗೆ ಒಳಗೊಳಗೇ ಹೆಮ್ಮೆ. ಜಗಳವಿಲ್ಲದ ಮನೆಯಲ್ಲಿ ಕೊರಗೂ ಇರುವುದಿಲ್ಲ ಎಂದು ಅವರು ನಂಬಿದ್ದರು.

ಟೀಚರಮ್ಮ ರಿಟೈರ್ ಆದ ಎರಡನೇ ವರ್ಷ ಮರೆವು ಶುರುವಾಯಿತು. ಮೊದಲು ಕನ್ನಡಕ, ಬೀಗದ ಕೈ, ಒಲೆಯ ಮೇಲಿಟ್ಟ ಹಾಲು. ಯಾರಿಗೆ ಮರೆಯುವುದಿಲ್ಲ ಎಂದುಕೊಂಡು ಸುಮ್ಮನಾದರು. ಆಮೇಲೆ ಒಂದು ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಆಕೆ ಬ್ಯಾಗು ನೇತುಹಾಕಿಕೊಂಡು ಸ್ಕೂಲಿಗೆ ಹೊರಟುಬಿಟ್ಟರು. ಸ್ಕೂಲಿನ ವಾಚ್‌ಮನ್ ಕೈಹಿಡಿದು ಕರೆತಂದು ಬಿಟ್ಟುಹೋದ. ಮರುದಿನವೂ ಹೊರಟರು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತ ಎರಡು ಬೀದಿ ಆಚೆ ಸಂಸಾರ ಹೂಡಿದ್ದ ಮಗಳು ಇಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಾಗದದ ಮೇಲೆ ಮಿದುಳಿನ ಚಿತ್ರ ಬರೆದು ನಿಧಾನವಾಗಿ ವಿವರಿಸಿದರು. ಎಲ್ಲ ಕೇಳಿಸಿಕೊಂಡ ಮೇಲೆ ಸೈಕಲ್ ಶಾಪಿನವರು ಒಂದೇ ಪ್ರಶ್ನೆ ಕೇಳಿದರು.

"ಇದು ರಿಪೇರಿ ಆಗುತ್ತಾ?"

ಡಾಕ್ಟರು ಇಲ್ಲ ಎಂದು ತಲೆಯಾಡಿಸಿದರು.

ತೋಟದ ವಿಷಯ ತಂದವಳು ಮಗಳೇ. ನೀರಿನ ಟ್ಯಾಂಕಿನ ಹಿಂದೆ ಮೂರು ಎಕರೆ ಜಾಗ. ಒಂದು ಕಾಲದಲ್ಲಿ ಕೆಡವಿದ ಮನೆಗಳ ಇಟ್ಟಿಗೆ ಚೂರು, ಒಡೆದ ಕಮೋಡು ಎಲ್ಲ ತಂದು ಸುರಿಯುತ್ತಿದ್ದ ಜಾಗ. ಸುತ್ತಲಿನ ಜನವೇ ಸೇರಿ ನಾಲ್ಕು ವರ್ಷ ಕಸ ಹೊತ್ತು ಅದನ್ನು ತೋಟ ಮಾಡಿದ್ದರು. ಅಲ್ಲಿ ಯಾರಿಗೂ ಸಂಬಳವಿಲ್ಲ, ಯಾರೂ ಯಜಮಾನರಲ್ಲ. ಮಂಗಳವಾರ ಸ್ಕೂಲಿನ ಮಕ್ಕಳು ಬಂದು ತರಕಾರಿ ಅಂಗಡಿಯಲ್ಲಿ ಹುಟ್ಟುವುದಿಲ್ಲ ಎನ್ನುವುದನ್ನು ಕಣ್ಣಾರೆ ನೋಡಿ ಕಲಿಯುತ್ತಿದ್ದರು. ಶುಕ್ರವಾರ ಕಾಯಿಲೆಯಿಂದ ಎದ್ದವರು, ಮನೆಯಲ್ಲಿ ಒಂಟಿಯಾಗಿ ಕೂತು ಬೇಸತ್ತವರು, ಟೀಚರಮ್ಮನಂಥವರು ಬಂದು ಕೈಲಾದ ಕೆಲಸ ಮಾಡುತ್ತಿದ್ದರು. ಒಂದು ಮೂಲೆಯ ಹುಲ್ಲನ್ನು ಜೇನುಹುಳಗಳಿಗೆಂದು ಕತ್ತರಿಸದೆ ಬಿಟ್ಟಿದ್ದರು. ಕಪ್ಪೆಗಳಿಗೆಂದು ಒಂದು ಹೊಂಡ ತೋಡಿದ್ದರು. ಬೆಳೆದ ತರಕಾರಿ ದುಡಿದವರ ಮನೆಗೆ, ಮಿಕ್ಕಿದ್ದು ಆಸ್ಪತ್ರೆಯ ಅಡುಗೆಮನೆಗೆ.

ಎಲ್ಲದರ ಉಸ್ತುವಾರಿ ನೋಡಿಕೊಳ್ಳುತ್ತಿದ್ದವರು ಒಬ್ಬ ಎತ್ತರದ ಹೆಂಗಸು. ಹಿಂದೆ ಯಾವುದೋ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವರು. ಎಲ್ಲರೂ ಅವರನ್ನು ತೋಟದಕ್ಕ ಎನ್ನುತ್ತಿದ್ದರು. ಮೊದಲ ದಿನ ಅವರು ಟೀಚರಮ್ಮನನ್ನು ಮಾತಾಡಿಸಿ, ಆಮೇಲೆ ಸೈಕಲ್ ಶಾಪಿನವರ ಕಡೆ ತಿರುಗಿದರು.

"ಅಣ್ಣ, ನೀವೂ ಇರ್ತೀರಲ್ಲ ಜೊತೆಗೆ?"

"ಆ ಬೆಂಚಿನ ಮೇಲೆ ಕೂತಿರ್ತೀನಿ."

"ಅದು ಬೆಂಚಲ್ಲ, ಸಸಿ ಇಡೋ ಹಲಗೆ. ಕೂರೋಕೆ ಅಂತ ಇಲ್ಲಿ ಜಾಗಾನೇ ಮಾಡಿಲ್ಲ ನಾವು. ನಿಮಗೆ ಏನು ಕೆಲಸ ಬರುತ್ತೆ?"

"ಸೈಕಲ್ ರಿಪೇರಿ."

"ಗಿಡದ ಕೆಲಸ?"

"ಗಿಡಕ್ಕೆ ಚಕ್ರ ಇದ್ರೆ ಮಾಡ್ತೀನಿ."

ತೋಟದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಕಲ್ ಶಾಪಿನವರು ತಮಾಷೆಗೆ ಹೇಳಿರಲಿಲ್ಲ.

ಅವತ್ತು ಅವರಿಗೆ ಕಳೆ ಕೀಳುವ ಕೆಲಸ ಸಿಕ್ಕಿತು. ಎರಡು ಗಂಟೆ ಬಗ್ಗಿ, ಒಂದು ಪಾತಿ ಪೂರ್ತಿ ಮುಗಿಸಿ, ಕಿತ್ತದ್ದನ್ನೆಲ್ಲ ಸೈಕಲ್ ಕಡ್ಡಿ ಜೋಡಿಸುವ ಹಾಗೆ ಸಾಲಾಗಿ ಜೋಡಿಸಿಟ್ಟರು. ತೋಟದಕ್ಕ ಬಂದು ಅದರಲ್ಲಿ ಒಂದನ್ನು ಎತ್ತಿ ನೋಡಿದರು.

"ಅಣ್ಣ, ಕಳೆಯನ್ನೆಲ್ಲ ಉಳಿಸಿ ಕ್ಯಾರೆಟ್ಟನ್ನೆಲ್ಲ ಕಿತ್ತಿದೀರಿ. ಆದರೆ ತುಂಬ ಅಚ್ಚುಕಟ್ಟಾಗಿ ಕಿತ್ತಿದೀರಿ."

ಮುಂದಿನ ವಾರದಿಂದ ಅವರನ್ನು ತಳ್ಳುಗಾಡಿಗೆ ಹಾಕಿದರು. ತೋಟದಲ್ಲಿ ಏಳು ತಳ್ಳುಗಾಡಿಗಳಿದ್ದವು, ಐದು ಕುಂಟುತ್ತಿದ್ದವು. ಒಂದರ ಟೈರು ಬಾಯಿ ಬಿಟ್ಟಿತ್ತು, ಇನ್ನೊಂದರ ಬೇರಿಂಗು ಕಿರುಗುಟ್ಟುವುದಕ್ಕೆ ಟ್ಯಾಂಕಿನ ಮೇಲಿನ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಎರಡೇ ವಾರದಲ್ಲಿ ಅವರು ಏಳನ್ನೂ ಬಿಚ್ಚಿ, ಗ್ರೀಸು ಹಚ್ಚಿ, ಒಂದು ಬೆರಳಲ್ಲಿ ನೂಕಿದರೆ ಹೋಗುವ ಹಾಗೆ ಮಾಡಿಟ್ಟರು. ಆಮೇಲೆ ಗೊಬ್ಬರ, ಮಣ್ಣು, ಒಣಗಿದ ಎಲೆ, ನೀರಿನ ಕ್ಯಾನು, ಏನೇ ಸಾಗಿಸುವುದಿದ್ದರೂ ಅವರೇ. ಮಂಗಳವಾರ, ಶುಕ್ರವಾರ ಶಾಪಿನ ಬಾಗಿಲು ಹಾಕಿರುತ್ತಿತ್ತು.

ಟೀಚರಮ್ಮನದು ಬೇರೆಯೇ ಆಯಿತು. ಮೊದಲ ಎರಡು ಮೂರು ವಾರ ಆಕೆ ಹೇಳಿದ ಕಡೆ ಕೂತು ಕೊಟ್ಟದ್ದನ್ನು ಮಾಡುತ್ತಿದ್ದರು. ಒಂದು ಮಂಗಳವಾರ ಇಪ್ಪತ್ತಾರು ಮಕ್ಕಳು ಬಂದವು. ಜೊತೆಗೆ ಬಂದ ಟೀಚರು ಇನ್ನೂ ಚಿಕ್ಕ ವಯಸ್ಸಿನವರು. ಅವರು ಬಸ್ಸಿನವನ ಹತ್ತಿರ ಏನೋ ಮಾತಾಡುತ್ತ ಗೇಟಿನಲ್ಲೇ ನಿಂತರು. ಮಕ್ಕಳೋ, ಬಿಟ್ಟ ಕರುಗಳ ಹಾಗೆ ಪಾತಿ ತುಳಿದು ಓಡಾಡತೊಡಗಿದವು. ತೋಟದಕ್ಕ ಕೂಗಿ ಕೂಗಿ ಸೋತರು. ಆಗ ಹುರುಳಿಕಾಯಿ ಬೀಜ ಬಿಡಿಸುತ್ತಿದ್ದ ಟೀಚರಮ್ಮ ಎದ್ದು ಮೂರು ಸಲ ಚಪ್ಪಾಳೆ ತಟ್ಟಿದರು.

"ಎಲ್ರೂ ಕೈ ಹಿಂದೆ. ಕಣ್ಣು ನನ್ ಮೇಲೆ."

ಗಲಾಟೆ ನಿಂತಿತು. ಆಕೆ ಒಬ್ಬೊಬ್ಬರ ಅಂಗೈಯಲ್ಲೂ ಒಂದೊಂದು ಬೀಜ ಇಡುತ್ತ ಹೋದರು.

"ಇದರ ಹೊಟ್ಟೆ ಎಲ್ಲಿದೆ, ತೋರಿಸಿ. ಸರಿ. ಈ ಪಕ್ಕದಲ್ಲಿ ಒಂದು ಸಣ್ಣ ಗೆರೆ ಕಾಣ್ತಿದೆಯಾ? ಅದು ಹೊಕ್ಕುಳು. ತಾಯಿಗೆ ಅಂಟಿಕೊಂಡಿದ್ದ ಜಾಗ. ನಿಮಗೂ ಇದೆ, ಈಗ ಯಾರೂ ಅಂಗಿ ಎತ್ತಿ ನೋಡ್ಕೋಬೇಡಿ." ಮಕ್ಕಳು ಕಿಸಕ್ಕನೆ ನಕ್ಕವು. "ಬೆರಳಿನ ಎರಡು ಗೆಣ್ಣಿನಷ್ಟು ಆಳ. ಹಾಕಿ ಮುಚ್ಚಿದ ಮೇಲೆ ತೆಗೆದು ನೋಡೋ ಹಾಗಿಲ್ಲ. ನಿಮ್ಮನ್ನ ಮಲಗಿಸಿ ಅಮ್ಮ ಗಳಿಗೆಗೊಂದು ಸಲ ಹೊದಿಕೆ ತೆಗೆದು ನೋಡ್ತಿದ್ರೆ ನಿಮಗೆ ನಿದ್ದೆ ಬರುತ್ತಾ?"

"ಇಲ್ಲಾ ಮಿಸ್."

"ಇದಕ್ಕೂ ಬರಲ್ಲ."

ಸೈಕಲ್ ಶಾಪಿನವರು ಗೊಬ್ಬರದ ಗಾಡಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಮೂವತ್ತನಾಲ್ಕು ವರ್ಷ ಟೀಚರನ್ನು ಕಟ್ಟಿಕೊಂಡು ಬಾಳಿದ್ದರೂ ಹೆಂಡತಿ ಪಾಠ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು. ಆ ಧ್ವನಿ, ಹುಬ್ಬು ಏರಿಸುವ ಆ ಬಗೆ, ಮಕ್ಕಳ ತಲೆಯ ಮೇಲಿಂದ ಹಾದುಹೋಗುವ ಆ ನೋಟ, ಒಂದೂ ಮನೆಗೆ ಬಂದದ್ದಿರಲಿಲ್ಲ. ಅಥವಾ ಬಂದಿತ್ತೇನೋ, ತಾನು ತಲೆ ಎತ್ತಿ ನೋಡಿರಲಿಲ್ಲ.

ಅಂದಿನಿಂದ ಮಂಗಳವಾರದ ಬೀಜದ ಪಾಠ ಟೀಚರಮ್ಮನದಾಯಿತು. ಪ್ರತಿ ವಾರ ಅದೇ ಪಾಠ, ಅದೇ ಮಾತು, ಅದೇ ತಮಾಷೆ. ಸೈಕಲ್ ಶಾಪಿನವರಿಗೆ ಮುಜುಗರವಾಗಿ ತೋಟದಕ್ಕನ ಹತ್ತಿರ ಹೇಳಿದರು, ಹೇಳಿದ್ದನ್ನೇ ಹೇಳ್ತಾಳೆ ಅಂತ.

"ಮಕ್ಕಳು ವಾರ ವಾರ ಬೇರೆ ಅಲ್ವಾ ಅಣ್ಣ. ಅವರಿಗೂ ಪಾಠ ಹೊಸದು, ಇವರಿಗೂ ಹೊಸದು. ಹಳೇದಾಗಿರೋದು ನಮ್ಮಿಬ್ಬರಿಗೆ ಮಾತ್ರ" ಎಂದರು ತೋಟದಕ್ಕ.

ಹೀಗೆ ಒಂದೂವರೆ ವರ್ಷ ನಡೆಯಿತು. ಅದು ಒಳ್ಳೆಯ ಕಾಲ. ಒಳ್ಳೆಯದು ಎಂದು ಆಗ ಅವರಿಗೆ ಗೊತ್ತಾಗಲಿಲ್ಲ, ಅಷ್ಟೆ.

ಮರೆವು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತಲೇ ಇತ್ತು. ಮನೆಯಲ್ಲಿ ಟೀಚರಮ್ಮ ಕೆಲವು ಹೊತ್ತು ಗಂಡನನ್ನು "ರೀ" ಎಂದು ಕರೆಯುತ್ತಿದ್ದರು, ಕೆಲವು ಹೊತ್ತು ಯಾರೋ ಬಂದು ಕೂತಿದ್ದಾರೆ ಎನ್ನುವ ಹಾಗೆ ದೂರ ಸರಿಯುತ್ತಿದ್ದರು. ತೋಟದಲ್ಲಿ ಮಾತ್ರ ಆ ಗೊಂದಲವಿರಲಿಲ್ಲ. ಅಲ್ಲಿ ಮೊಣಕಾಲಿನವರೆಗಿನ ಬೂಟು, ದಪ್ಪ ಏಪ್ರನ್ನು, ಅಗಲ ಅಂಚಿನ ಹ್ಯಾಟು ಹಾಕಿಕೊಂಡು ಗಾಡಿ ತಳ್ಳುವ ಮನುಷ್ಯ ಆಕೆಗೆ ತನ್ನ ಗಂಡನಾಗಿ ಕಾಣುವುದು ಪೂರ್ತಿ ನಿಂತುಹೋಯಿತು. ಒಂದು ಶುಕ್ರವಾರ ಆಕೆ ಕೈಬೀಸಿ ಕರೆದರು.

"ಗಾಡಿಯವರೇ, ಈ ಸಿಪ್ಪೆ ಒಯ್ತೀರಾ?"

ಅವರು ಗಾಡಿ ನಿಲ್ಲಿಸಿದರು. ಸುತ್ತ ನಾಲ್ಕು ಜನ ಇದ್ದರು. "ಒಯ್ತೀನಿ ಟೀಚರ್, ಕೊಡಿ" ಎಂದುಬಿಟ್ಟರು. ಹೆಂಡತಿಯನ್ನು ಬಹುವಚನದಲ್ಲಿ ಮಾತಾಡಿಸಿದ್ದು ಬದುಕಿನಲ್ಲಿ ಅದೇ ಮೊದಲು. ನಾಲಿಗೆಗೆ ಅದು ಹೊಸ ಹಲ್ಲಿನ ಹಾಗೆ ತೊಡರಿತು.

ಮುಂದೆ ಅದೇ ರೂಢಿಯಾಯಿತು. ತೋಟದಲ್ಲಿ ಅವರು ಗಾಡಿಯವರು, ಆಕೆ ಟೀಚರು. ಗಾಡಿಯವರ ಜೊತೆ ಟೀಚರಮ್ಮ ಬಹಳ ಮಾತಾಡುತ್ತಿದ್ದರು. ಮನೆಯಲ್ಲಿ ಇಷ್ಟು ವರ್ಷ ಆಡದೆ ಉಳಿಸಿಕೊಂಡದ್ದನ್ನೆಲ್ಲ ಈ ಅಪರಿಚಿತನಿಗೆಂದೇ ಕೂಡಿಟ್ಟಿದ್ದವರ ಹಾಗೆ. ಸ್ಕೂಲಿನ ವಿಷಯ, ಮಗಳ ಬಾಲ್ಯ, ತೀರಿಕೊಂಡ ತಮ್ಮನ ವಿಷಯ. ಗಂಡನ ವಿಷಯವೂ ಬರುತ್ತಿತ್ತು.

"ನಮ್ಮೆಜಮಾನ್ರದು ಸೈಕಲ್ ಶಾಪು. ಗೊತ್ತಿರಬೇಕು ನಿಮಗೆ."

"ನೋಡಿದೀನಿ."

"ಮಾತು ಕಮ್ಮಿ. ಪಂಪು ಆದ್ರೂ ಉಸ್ಸಂತ ಶಬ್ದ ಮಾಡುತ್ತೆ, ಇವರು ಅದೂ ಇಲ್ಲ." ಆಕೆ ನಕ್ಕು, ಆಮೇಲೆ ಸಮಾಧಾನ ಮಾಡುವವರ ಹಾಗೆ ಸೇರಿಸುತ್ತಿದ್ದರು, "ಕೆಟ್ಟೋರಲ್ಲ. ಒಂದು ದಿನ ಕೈ ಎತ್ತಿದೋರಲ್ಲ."

ಗಾಡಿಯವರು ಗಾಡಿಯ ಹಿಡಿ ಒರೆಸುತ್ತ ಕೇಳಿಸಿಕೊಳ್ಳುತ್ತಿದ್ದರು. ಕೆಲವೊಮ್ಮೆ ನಗು ಬರುತ್ತಿತ್ತು. ಅಪರೂಪಕ್ಕೆ ತಾವೂ ಗಂಡನ ಮೇಲೆ ಒಂದೆರಡು ಮಾತು ಸೇರಿಸುತ್ತಿದ್ದರು. ಆಕೆ ಕೂಡಲೇ ಗಂಡನ ಪರ ವಹಿಸಿ ಗದರುತ್ತಿದ್ದರು.

ಆದರೆ ಒಂದು ದಿನ ಪೇರಲೆ ಸಸಿ ನೆಡುವಾಗ ಆಕೆ ಹೇಳಿದ್ದು ಬೇರೆ.

"ನಾನೂ ಒಂದು ಪೇರಲೆ ಸಸಿ ತಂದಿದ್ದೆ ಗಾಡಿಯವರೇ. ಸ್ಕೂಲಲ್ಲಿ ಮಕ್ಕಳು ಬೆಳೆಸಿ ಕೊಟ್ಟಿದ್ದು. ನಮ್ಮನೆ ಹಿಂದೆ ಸ್ವಲ್ಪ ಮಣ್ಣಿನ ಜಾಗ ಇತ್ತು. ಮದುವೆಯಾಗಿ ಬಂದ ದಿನದಿಂದ ಅಲ್ಲಿ ಏನಾದ್ರೂ ಹಾಕ್ಬೇಕು ಅಂತ ನಂಗೆ. ಇವತ್ತು ಹಾಕ್ತೀನಿ, ನಾಳೆ ಹಾಕ್ತೀನಿ ಅಂತ ಹತ್ತು ವರ್ಷ ಕಳೀತು. ಅವತ್ತು ಸಸಿ ಹಿಡ್ಕೊಂಡು ಮನೆಗೆ ಬರ್ತೀನಿ, ನಮ್ಮೆಜಮಾನ್ರು ಪೂರ್ತಿ ಸಿಮೆಂಟು ಹಾಕಿ ಮುಗಿಸಿದಾರೆ. ಹಳೇ ಸೈಕಲ್ ಫ್ರೇಮು ಇಡೋಕೆ."

ಗಾಡಿಯವರ ಕೈ ನಿಂತಿತು. ಸಿಮೆಂಟು ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಸಸಿ ನೆನಪಿರಲಿಲ್ಲ.

"ಆ ಸಸಿ ಏನಾಯ್ತು?"

"ಪೇಂಟ್ ಡಬ್ಬಿಲಿ ಇಟ್ಟಿದ್ದೆ, ಎರಡು ವರ್ಷ. ಎಷ್ಟಂತ ಇರುತ್ತೆ ಡಬ್ಬಿಲಿ. ಬೇರು ಸುತ್ತಿ ಸುತ್ತಿ ಹಗ್ಗದ ಉಂಡೆ ಆಗಿತ್ತು."

"ಅವರಿಗೆ ಹೇಳ್ಬಹುದಿತ್ತಲ್ಲ."

"ಹೇಗೆ ಹೇಳೋದು? ಕರಣೆ ಹಿಡ್ಕೊಂಡು ನಿಂತಿದ್ರು, ಮೈಯೆಲ್ಲ ಸಿಮೆಂಟು. ನೋಡು, ಒಬ್ಬನೇ ಮಾಡ್ದೆ, ನೀರು ನಿಲ್ಲಲ್ಲ ಇನ್ಮೇಲೆ ಅಂದ್ರು. ಅವರು ಅಷ್ಟು ಖುಷಿಯಾಗಿದ್ದು ನಾನು ನೋಡಿದ್ದು ಕಮ್ಮಿ. ನನ್ನ ಗಿಡಕ್ಕೋಸ್ಕರ ಅದನ್ನ ಹಾಳು ಮಾಡೋದಾ?" ಆಕೆ ಸಸಿಯ ಬುಡಕ್ಕೆ ಮಣ್ಣು ಒತ್ತಿ ಕೈ ಕೊಡವಿಕೊಂಡರು. "ಒಂದು ಮಾತು ಕೇಳಬಹುದಿತ್ತು ನನ್ನ. ಅಷ್ಟೇ. ಏನೋ ಹೇಳಿದೆ, ಅವರ ಹತ್ರ ಆಡ್ಬೇಡಿ."

"ಇಲ್ಲ ಟೀಚರ್. ಆಡಲ್ಲ."

ಅವತ್ತು ಅವರು ಗಾಡಿ ತಳ್ಳಿಕೊಂಡು ಗೊಬ್ಬರದ ಗುಂಡಿಯ ಹಿಂದೆ ಹೋಗಿ ಬಹಳ ಹೊತ್ತು ನಿಂತಿದ್ದರು. ಇಪ್ಪತ್ತೈದು ವರ್ಷ ಪ್ರತಿ ದಿನ ಮುಖ ತೊಳೆಯುವಾಗ ಕಣ್ಣಿಗೆ ಬೀಳುತ್ತಿದ್ದ ಆ ಸಿಮೆಂಟು ನೆಲ. ಅದರ ಮೂಲೆಯಲ್ಲಿ ಎರಡು ವರ್ಷ ಒಂದು ಡಬ್ಬಿ, ಡಬ್ಬಿಯಲ್ಲೊಂದು ಗಿಡ. ದಿನವೂ ಅದರ ಪಕ್ಕವೇ ಓಡಾಡಿದ್ದರು. ಜಗಳವಾಡಿಲ್ಲ, ಜಗಳವಾಡಿಲ್ಲ ಎಂದು ಬೀಗಿದ್ದೆಲ್ಲ ಇದೇನಾ ಎಂದುಕೊಂಡರು.

ಮರುದಿನ ಬೆಳಿಗ್ಗೆ ಅವರು ಶಾಪಿಗೆ ಹೋಗಲಿಲ್ಲ. ಎಲ್ಲಿಂದಲೋ ಹಾರೆ ತಂದು ಹಿತ್ತಲಿನ ಸಿಮೆಂಟು ಒಡೆಯತೊಡಗಿದರು. ಅರವತ್ತಾರು ವರ್ಷದ ತೋಳು. ಎರಡು ಗೇಣು ಅಗಲದ ಗುಂಡಿ ಆಗುವಷ್ಟರಲ್ಲಿ ಅಂಗೈ ಬೊಬ್ಬೆ ಎದ್ದಿತ್ತು. ಸದ್ದು ಕೇಳಿ ಟೀಚರಮ್ಮ ಒಳಗಿನಿಂದ ಓಡಿ ಬಂದರು.

"ಯಾರ್ರೀ ನೀವು? ಯಾಕ್ರೀ ಒಡೀತಿದೀರಿ?"

"ಗಿಡ ಹಾಕೋಣ ಕಣೇ. ನಿನ್ನ ಪೇರಲೆ ಗಿಡ."

"ಅಯ್ಯೋ ಬಿಡಿ. ನಮ್ಮೆಜಮಾನ್ರು ಕೈಯಾರೆ ಹಾಕಿದ್ದು ಅದು. ಬಿಡ್ರೀ ಅಂದ್ರೆ." ಆಕೆ ಬಂದು ಹಾರೆ ಹಿಡಿದು ಎಳೆದರು. ಅವರು ಬಿಡಿಸಿಕೊಳ್ಳಲು ನೋಡಿದಾಗ ಎರಡೂ ಕೈಯಿಂದ ಅವರ ಬೆನ್ನಿಗೆ, ತೋಳಿಗೆ ಗುದ್ದತೊಡಗಿದರು. ಗುದ್ದುತ್ತ ಅಳುತ್ತಿದ್ದರು. "ಅವರು ಬಂದು ನೋಡಿದ್ರೆ ಎಷ್ಟು ಬೇಜಾರು ಮಾಡ್ಕೋತಾರೆ. ನಾನೇನು ಹೇಳ್ಲಿ ಅವರಿಗೆ?"

ಪಕ್ಕದ ಮನೆಯವರು ಮಗಳಿಗೆ ಫೋನ್ ಮಾಡಿದರು. ಮಗಳು ಓಡಿ ಬಂದು ಅಮ್ಮನನ್ನು ಅಪ್ಪಿ ಹಿಡಿದುಕೊಂಡಳು. ಅಪ್ಪ ಹಾರೆ ಗೋಡೆಗೆ ಒರಗಿಸಿ ತಲೆ ತಗ್ಗಿಸಿ ನಿಂತಿದ್ದರು.

"ಏನಪ್ಪ ಇದು? ಈಗ ಯಾಕೆ ಬೇಕಿತ್ತು ಇದೆಲ್ಲ?"

ಅವರು ಚದುರಿದ ಸಿಮೆಂಟು ಚೂರುಗಳನ್ನು ಆರಿಸತೊಡಗಿದರು. ಮಧ್ಯಾಹ್ನ ಅರ್ಧ ಚೀಲ ಸಿಮೆಂಟು ತಂದು, ಮರಳು ಕಲಸಿ, ಒಡೆದ ಗುಂಡಿಯನ್ನು ಮುಚ್ಚಿದರು. ಟೀಚರಮ್ಮ ಬಾಗಿಲಲ್ಲಿ ನಿಂತು, ಕರಣೆ ಎಳೆಯುವುದನ್ನು ಕೊನೆಯವರೆಗೂ ನೋಡಿದರು. ನೆಲ ಸಮವಾದ ಮೇಲೆ ಆಕೆಯ ಮುಖ ಸಡಿಲವಾಯಿತು.

"ಚೆನ್ನಾಗಿ ಮಾಡಿದ್ರಿ. ಇನ್ನು ಅವರು ಬೈಯಲ್ಲ" ಎಂದರು.

ಮುಂದಿನ ಶುಕ್ರವಾರ ಹ್ಯಾಟು ಹಾಕಿಕೊಂಡು ಅವರು ಇನ್ನೊಂದು ದಾರಿ ಹಿಡಿದರು.

"ಟೀಚರ್, ನಿಮ್ಮ ಯಜಮಾನ್ರು ಸಿಕ್ಕಿದ್ರು. ಸಿಮೆಂಟು ಹಾಕೋ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತಂತೆ. ತಪ್ಪಾಯ್ತು ಅಂತ ಹೇಳೋಕೆ ಹೇಳಿದ್ರು."

ಟೀಚರಮ್ಮ ಬಿಡಿಸುತ್ತಿದ್ದ ಕಾಯಿ ಕೆಳಗಿಟ್ಟು ಅವರನ್ನೇ ದಿಟ್ಟಿಸಿದರು. ಎರಡನೇ ಕ್ಲಾಸಿನ ಮಕ್ಕಳ ಸುಳ್ಳು ಹಿಡಿದ ಕಣ್ಣು ಅದು.

"ಸುಮ್ನೆ ಹೇಳ್ತೀರಿ ನೀವು. ಅವರು ಹಾಗೆಲ್ಲ ಹೇಳೋರಲ್ಲ."

"ಹೇಳಿದ್ರು."

"ಇಲ್ಲ ಗಾಡಿಯವರೇ. ನಂಗೆ ಗೊತ್ತು ಅವರು." ಆಕೆ ಮತ್ತೆ ಕಾಯಿ ಬಿಡಿಸತೊಡಗಿದರು. "ನೀವು ಒಳ್ಳೆಯವರು. ನನಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದೀರಿ."

ಅದಾದ ಮೇಲೆ ಅವರು ಆ ಮಾತೆತ್ತಲಿಲ್ಲ.

ಮೂರನೇ ವರ್ಷದ ಒಂದು ಮಂಗಳವಾರ ಬೀಜದ ಪಾಠ ಮುಗಿದು ಮಕ್ಕಳು ಹೊರಡುವ ಹೊತ್ತು. ಟೀಚರಮ್ಮ ಗೇಟಿನಲ್ಲಿ ನಿಂತು ತಲೆ ಎಣಿಸಿದರು. ಇಪ್ಪತ್ತೈದು. ಮತ್ತೆ ಎಣಿಸಿದರು. ಆಕೆಯ ಲೆಕ್ಕದಲ್ಲಿ ಇಪ್ಪತ್ತಾರು ಇರಬೇಕು, ಒಂದು ಮಗು ಇಲ್ಲ. ಅವತ್ತು ಬಂದದ್ದೇ ಇಪ್ಪತ್ತೈದು ಎಂದು ತೋಟದಕ್ಕ ಹೇಳಿದರು, ಮಕ್ಕಳ ಟೀಚರೂ ಹೇಳಿದರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಗೇಟಿನ ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. "ಒಂದು ಮಗು ಹೊಂಡದ ಹತ್ರ ಇದೆ. ಯಾರೂ ಹೋಗೋ ಹಾಗಿಲ್ಲ. ನಾನೇನು ಹೇಳ್ಲಿ ಅದರ ಅಮ್ಮನಿಗೆ?" ಎಂದು ಕೂಗತೊಡಗಿದರು. ಹತ್ತಿರ ಬಂದ ಒಂದು ಹುಡುಗಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡರು. ಆ ಮಗು ಚೀರಿತು. ಅದನ್ನು ನೋಡಿ ಉಳಿದವೂ ಅತ್ತವು. ಹೊಂಡದ ಸುತ್ತ ಮೂರು ಸಲ ಹುಡುಕಿದ ಹಾಗೆ ಮಾಡಿ, "ಸಿಕ್ಕಿತು ಟೀಚರ್, ಬಸ್ಸಲ್ಲಿ ಕೂರಿಸಿದೀನಿ" ಎಂದು ಗಾಡಿಯವರು ಹೇಳಿದ ಮೇಲೆಯೇ ಆಕೆ ಗೇಟು ಬಿಟ್ಟದ್ದು. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

ಎರಡು ದಿನದ ಮೇಲೆ ತೋಟದಕ್ಕ ಶಾಪಿಗೆ ಬಂದರು. ಮೆಟ್ಟಿಲ ಕೆಳಗೆ ಅವರ ಎತ್ತರಕ್ಕೆ ಜಾಗ ಸಾಲದೆ ಬಗ್ಗಿಕೊಂಡೇ ನಿಂತರು.

"ಅಣ್ಣ, ಮಂಗಳವಾರ ಬೇಡ ಇನ್ನು. ಶುಕ್ರವಾರ ಮಾತ್ರ ಬರ್ಲಿ."

"ಪಾಠ ಮಾಡಿಸ್ಕೊಳ್ಳೋವಾಗ ಬೇಕಿತ್ತು. ಈಗ ಬೇಡ ಅಲ್ವಾ? ಅವಳು ಏನು ಮಾಡಿದ್ಳು? ಮಗು ಕಳೆದುಹೋಗಿದೆ ಅಂತ ಹೆದರಿದ್ಳು. ಅದು ತಪ್ಪಾ?"

ಆ ಶಾಪಿನಲ್ಲಿ ಅವರು ಅಷ್ಟು ಉದ್ದದ ಮಾತಾಡಿದ್ದು ಯಾರೂ ಕೇಳಿರಲಿಲ್ಲ. ತೋಟದಕ್ಕನ ಕಣ್ಣು ತುಂಬಿತು.

"ತಪ್ಪಲ್ಲ ಅಣ್ಣ. ಆದ್ರೆ ಮಕ್ಕಳೂ ಹೆದರಿದ್ವು."

ಸೈಕಲ್ ಶಾಪಿನವರು ಚಕ್ರವೊಂದನ್ನು ಎಳೆದುಕೊಂಡು ತಿರುಗಿಸುತ್ತ ಕೂತರು. ತೋಟದಕ್ಕ ಹೊರಟುಹೋದರು.

ಆಮೇಲಿನ ಮಂಗಳವಾರಗಳೇ ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ವಾರ, ತಿಂಗಳು, ವರ್ಷ ಯಾವುದೂ ತಿಳಿಯದ ಟೀಚರಮ್ಮನಿಗೆ ಮಂಗಳವಾರ ಮಾತ್ರ ಹೇಗೋ ತಿಳಿಯುತ್ತಿತ್ತು. ಬೆಳಿಗ್ಗೆಯೇ ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಇವತ್ತು ರಜಾ ಎಂದು ಗಂಡ ಹೇಳುತ್ತಿದ್ದರು. "ಹೌದಾ, ಮಕ್ಕಳಿಗೆ ಖುಷಿ" ಎನ್ನುತ್ತಿದ್ದರು ಆಕೆ. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲಲ್ಲಿ.

ಚಳಿ ಹಿಡಿದ ಕಾಲದಲ್ಲಿ ಎದೆಗೆ ಕಫ ಕಟ್ಟಿ ಆಕೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳು ಲ್ಯಾಬಿನ ಕೆಲಸದ ನಡುನಡುವೆ ಮಹಡಿ ಹತ್ತಿ ಬರುತ್ತಿದ್ದಳು. ಸೈಕಲ್ ಶಾಪಿನವರು ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಟೀಚರಮ್ಮ ಮೂಗಿನ ನಳಿಗೆ ಕಿತ್ತು ಹಾಕುತ್ತಿದ್ದರು, ನರ್ಸು ಬಂದರೆ ಹೆದರಿ ಮುದುರುತ್ತಿದ್ದರು, ಪಕ್ಕದಲ್ಲಿ ಕೂತವರನ್ನು ನೋಡಿ ಇನ್ನೂ ಹೆದರುತ್ತಿದ್ದರು. "ಗಾಡಿಯವರನ್ನ ಕರೀರಿ" ಎನ್ನುತ್ತಿದ್ದರು, ಉಸಿರು ಸಿಕ್ಕಾಗಲೆಲ್ಲ.

"ಅಪ್ಪ, ಆ ಹ್ಯಾಟು ತರ್ತೀನಿ. ಹಾಕ್ಕೋ" ಎಂದಳು ಮಗಳು.

"ಬೇಡ."

"ಅಮ್ಮ ಹೆದರ್ಕೋತಿದಾಳೆ ಅಪ್ಪ."

"ನಾನು ಅವಳ ಗಂಡ" ಎಂದರು ಅವರು. ಗಟ್ಟಿಯಾಗಿ ಹೇಳಲಿಲ್ಲ. "ಈಗಲಾದ್ರೂ ಗಂಡನಾಗಿ ಕೂತಿರ್ತೀನಿ. ಬಿಡು."

ಮಗಳು ಬಲವಂತ ಮಾಡಲಿಲ್ಲ. ಆದರೆ ಸಂಜೆ ಒಂದು ಚೀಲ ತಂದು ಮಂಚದ ಕೆಳಗಿಟ್ಟುಹೋದಳು. ಅಲ್ಲಿಯವರೆಗೆ ಟೀಚರಮ್ಮ ಒಂದು ತುತ್ತೂ ತಿಂದಿರಲಿಲ್ಲ. ಸೈಕಲ್ ಶಾಪಿನವರು ಆ ಚೀಲವನ್ನು ನೋಡುತ್ತ ಕೂತಿದ್ದು, ಕೊನೆಗೆ ಎದ್ದು ವರಾಂಡಕ್ಕೆ ಹೋಗಿ ಏಪ್ರನ್ನು ಕಟ್ಟಿಕೊಂಡರು, ಬೂಟು ಏರಿಸಿದರು, ಹ್ಯಾಟು ಹಾಕಿಕೊಂಡರು. ಎದುರಿನ ಮಂಚದವರು ಬಾಯಿ ತೆರೆದು ನೋಡಿದರು. ಅವರು ಯಾರ ಕಡೆಯೂ ನೋಡದೆ ಒಳಗೆ ಬಂದು ನಿಂತರು.

"ಟೀಚರ್."

ಟೀಚರಮ್ಮನ ಮುಖ ಅರಳಿತು. "ಬಂದ್ರಾ? ಎಷ್ಟು ಹೊತ್ತಿಂದ ಕಾಯ್ತಿದೀನಿ."

"ಗಾಡಿ ತುಂಬಿತ್ತು. ತಡ ಆಯ್ತು."

ಅವರು ಬಟ್ಟಲು ಹಿಡಿದು ಚಮಚದಲ್ಲಿ ಗಂಜಿ ಕುಡಿಸಿದರು. ಆಕೆ ಮಕ್ಕಳ ಹಾಗೆ ಕುಡಿದರು. ಕುಡಿದು ಅವರ ಮುಂಗೈ ಮೇಲೆ ಕೈ ಇಟ್ಟರು.

"ನಮ್ಮೆಜಮಾನ್ರಿಗೆ ಒಂದು ಮಾತು ಹೇಳ್ತೀರಾ? ಇವತ್ತು ಶಾಪು ಸ್ವಲ್ಪ ಬೇಗ ಮುಚ್ಚೋಕೆ."

"ಹೇಳ್ತೀನಿ."

"ಕೆಲಸ ಇದ್ರೆ ಬೇಡ. ಇಲ್ಲದಿದ್ರೆ ಮಾತ್ರ."

"ಕೆಲಸ ಇಲ್ಲ ಟೀಚರ್. ಬರ್ತಾರೆ."

ಮರುದಿನ ಮಧ್ಯಾಹ್ನ ಆಕೆ ತೀರಿಕೊಂಡರು. ಆಗಲೂ ಗಂಡನ ತಲೆಯ ಮೇಲೆ ಹ್ಯಾಟಿತ್ತು. ಮಗಳು ಬಂದು ಮೆಲ್ಲಗೆ ಅದನ್ನು ತೆಗೆದಳು.

ಆಮೇಲೆ ಎರಡು ತಿಂಗಳು ಅವರು ತೋಟದ ಕಡೆ ತಲೆ ಹಾಕಲಿಲ್ಲ. ವಾರದ ಏಳು ದಿನವೂ ಶಾಪು ತೆರೆದಿರುತ್ತಿತ್ತು. ಮಗಳು ಊಟ ತಂದರೆ ಉಣ್ಣುತ್ತಿದ್ದರು, ಮಾತಾಡಿಸಿದರೆ ಹ್ಞೂಂ ಎನ್ನುತ್ತಿದ್ದರು. ಒಂದು ದಿನ ತೋಟದಕ್ಕ ಬಗಲಲ್ಲಿ ತಳ್ಳುಗಾಡಿಯ ಚಕ್ರವೊಂದನ್ನು ಇರುಕಿಕೊಂಡು ಬಂದು ಅವರ ಮುಂದಿಟ್ಟರು.

"ಮುಳ್ಳು ಚುಚ್ಚಿದೆ. ಇನ್ನೂ ಮೂರು ಹೀಗೇ ಆಗಿದಾವೆ, ಎಲ್ಲ ಹೊತ್ಕೊಂಡು ಬರೋಕೆ ಆಗಲಿಲ್ಲ."

ಅವರು ಟ್ಯೂಬು ತೆಗೆದು ನೀರಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಗುರುತು ಮಾಡಿ, ಉಜ್ಜಿ, ಪ್ಯಾಚು ಅಂಟಿಸಿದರು. ತೋಟಕ್ಕೆ ಬನ್ನಿ ಎಂದು ತೋಟದಕ್ಕ ಕರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಅವರೇ ಪಂಪು, ಸ್ಪ್ಯಾನರು ಚೀಲಕ್ಕೆ ಹಾಕಿಕೊಂಡು ಹೊರಟರು.

ಈಗ ಅವರಿಗೆ ಎಪ್ಪತ್ತೆರಡು. ಮಕ್ಕಳಿಗೆ ಪಾಠ ಹೇಳಿ ಎಂದು ತೋಟದಕ್ಕ ಒಂದೆರಡು ಸಲ ಕೇಳಿ ನೋಡಿದರು. ತನ್ನ ಕೈಲಾಗದು ಎಂದರು. ಬೀಜದ ಪಾಠವನ್ನು ಈಗ ಬೇರೆ ಯಾರೋ ಮಾಡುತ್ತಾರೆ, ಬೇರೆ ಥರ ಮಾಡುತ್ತಾರೆ. ಆ ಹೊತ್ತಿಗೆ ಅವರು ಗಾಡಿ ತಳ್ಳಿಕೊಂಡು ತೋಟದ ಆಚೆ ತುದಿಗೆ ಹೋಗಿಬಿಡುತ್ತಾರೆ.

ಹೋದ ತಿಂಗಳು ಶುಕ್ರವಾರದ ಗುಂಪಿಗೆ ಹೊಸದಾಗಿ ಗಂಡ ಹೆಂಡತಿ ಇಬ್ಬರು ಬಂದರು. ಗಂಡನಿಗೆ ಪಾರ್ಶ್ವವಾಯು ಹೊಡೆದು ಒಂದು ಬದಿಯ ಕೈಕಾಲು, ಮಾತು ಎಲ್ಲ ಹೋಗಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೆಂಡತಿ ತಳ್ಳಿಕೊಂಡು ಬಂದಿದ್ದರು. ಕುರ್ಚಿಯ ಮುಂದಿನ ಚಕ್ರ ಅಡ್ಡಾದಿಡ್ಡಿ ಹೋಗುತ್ತಿತ್ತು. ಗಾಡಿಯವರು ಬಗ್ಗಿ ಅದರ ನಟ್ಟು ಬಿಗಿಯುತ್ತಿದ್ದಾಗ ಆ ಹೆಂಗಸು ಅವರ ಕಿವಿಯ ಹತ್ತಿರ ಬಂದು ಪಿಸುಮಾತಿನಲ್ಲಿ ಗಂಡನ ಮೇಲೆ ದೂರು ಹೇಳತೊಡಗಿದರು. ಆರೋಗ್ಯ ಇದ್ದಾಗ ಒಂದು ದಿನ ಜೊತೆಗೆ ಕೂತು ಉಂಡವರಲ್ಲ, ಕಟ್ಟಿಕೊಂಡವಳಿಗೆ ಏನು ಬೇಕು ಏನು ಬೇಡ ಎಂದು ಕೇಳಿದವರಲ್ಲ, ಈಗ ನೋಡಿ.

ಗಾಡಿಯವರು ನಟ್ಟು ಬಿಗಿದು ಮುಗಿಸಿ, ಸ್ಪ್ಯಾನರನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಎದ್ದರು.

"ನನ್ನ ಹತ್ರ ಹೇಳ್ಬೇಡಿ ತಾಯಿ" ಎಂದರು. "ಅವರ ಎದುರಿಗೆ ಹೇಳಿ. ಅವರಿಗೆ ಕಿವಿ ಕೇಳುತ್ತಲ್ಲ?"

"ಕೇಳುತ್ತೆ. ಆದ್ರೆ ಈ ಸ್ಥಿತೀಲಿ ಹೇಗೆ ಹೇಳೋದು? ಪಾಪ."

"ಹೇಳಿ. ಕೇಳಿಸ್ಕೊಳ್ಳಲಿ."

ಆ ಹೆಂಗಸು ತಬ್ಬಿಬ್ಬಾಗಿ ಅವರನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಕುರ್ಚಿಯಲ್ಲಿದ್ದ ಮನುಷ್ಯ ಕತ್ತು ಓರೆ ಮಾಡಿಕೊಂಡು ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆಕೆ ಕುರ್ಚಿಯ ಮುಂದೆ ಬಂದು ಒಂದು ಬುಟ್ಟಿ ಬೋರಲು ಹಾಕಿಕೊಂಡು ಕೂತರು. "ಅಲ್ಲ ರೀ" ಎಂದು ಶುರು ಮಾಡಿದರು.

ಗಾಡಿಯವರು ಹಿಡಿ ಎತ್ತಿಕೊಂಡು, ಆ ಮಾತು ತನ್ನ ಕಿವಿಗೆ ಬೀಳದಷ್ಟು ದೂರಕ್ಕೆ ಗಾಡಿ ತಳ್ಳಿಕೊಂಡು ಹೋದರು.